ಭದ್ರತೆ ಬಗ್ಗೆ ಉಪನ್ಯಾಸ ಅಂತ ಹೋದರೆ ಬರೀ ಪ್ರತಿಮೆ, ಗೋರಿಗಳ ಮಾತು. ಯಾಕೆ ಹೀಗೆ?

ಶರಾವತಿ_ತಾರ್ತು (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ಊರು ಸಾಗರ. ಎರಡು ವರ್ಷದಿಂದ ಎಸ್ಟೋನಿಯಾದ ತಾರ್ತುವಿನಲ್ಲಿದ್ದೇನೆ. ಓದುತ್ತಿರುವುದು ಮಣ್ಣಿನ ಬಗ್ಗೆ, ರಾಜಕೀಯದ ಗಂಧಗಾಳಿ ಇಲ್ಲ. ಆದರೆ ಇಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ರೂಮಿನಲ್ಲಿ ಒಬ್ಬಳೇ ಅನ್ನ ಸಾರು ಮಾಡಿಕೊಂಡು ಎಷ್ಟು ದಿನ ಗೋಡೆ ನೋಡುತ್ತಾ ಕೂರುವುದು? ವಿಶ್ವವಿದ್ಯಾಲಯದಲ್ಲಿ ಸಂಜೆ ಹೊತ್ತು ಆಗಾಗ ಸಾರ್ವಜನಿಕ ಉಪನ್ಯಾಸಗಳಿರುತ್ತವೆ. ಯಾರು ಬೇಕಾದರೂ ಹೋಗಬಹುದು, ದುಡ್ಡಿಲ್ಲ. ಒಳಗೆ ಬೆಚ್ಚಗಿರುತ್ತೆ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲ ಹೋದೆ.

ಒಳಗೆ ಕಾಲಿಡುವ ಮುಂಚೆ ಕೋಟನ್ನು ಕೆಳಗಡೆ ಕೊಡಬೇಕು. ಅಲ್ಲೊಬ್ಬರು ಅಜ್ಜಿ ಅದನ್ನು ಗೂಟಕ್ಕೆ ಹಾಕಿ ನಂಬರ್ ಬಿಲ್ಲೆ ಕೊಡುತ್ತಾರೆ. ಕೋಟು ಹಾಕಿಕೊಂಡೇ ನುಗ್ಗಿದರೆ, ಚಪ್ಪಲಿ ಹಾಕಿಕೊಂಡು ಗರ್ಭಗುಡಿ ತನಕ ಬಂದವಳನ್ನು ನೋಡಿದ ಹಾಗೆ ನೋಡುತ್ತಾರೆ. 6 ಗಂಟೆ ಅಂತ ಹಾಕಿದ್ದರೆ ಶುರುವಾಗುವುದು 6.15ಕ್ಕೆ. ಅಕಾಡೆಮಿಕ್ ಕಾಲುಗಂಟೆ ಅಂತ ಹಳೇ ಪದ್ಧತಿ. ನಮ್ಮೂರಿನ ಸಭೆಗಳಿಗೆ ಹೋಲಿಸಬೇಡಿ, ಇವರದು ಕಾಲುಗಂಟೆ ಅಂದ್ರೆ ಕಾಲುಗಂಟೆಯೇ.

ವಿಷಯ ಬಾಲ್ಟಿಕ್ ದೇಶಗಳ, ಅಂದ್ರೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಭದ್ರತೆ. ಟ್ಯಾಂಕು, ಕ್ಷಿಪಣಿ, ಬಾಣದ ಗುರುತು ಹಾಕಿದ ಮ್ಯಾಪು ಬರುತ್ತೆ ಅಂದುಕೊಂಡಿದ್ದೆ. ಪರದೆ ಮೇಲೆ ಬಂದದ್ದು ಒಂದು ಪ್ರತಿಮೆಯ ಫೋಟೊ. ಸೋವಿಯತ್ ಸೈನಿಕ. ತಲೆ ಬಗ್ಗಿಸಿದ್ದಾನೆ, ಹೆಲ್ಮೆಟ್ ಕೈಯಲ್ಲಿದೆ. 1947ರಲ್ಲಿ ರಾಜಧಾನಿ ತಾಲಿನ್ ನಗರದ ನಡುಮಧ್ಯೆ ನಿಲ್ಲಿಸಿದ ಕಂಚಿನ ಸೈನಿಕ. ಮುಕ್ಕಾಲು ಗಂಟೆ ಇದರದೇ ಮಾತು.

ರಷ್ಯನ್ ಮಾತಾಡುವವರಿಗೆ ಅವನು ನಾಜಿಗಳನ್ನು ಓಡಿಸಿದ ಯೋಧ. ಎಸ್ಟೋನಿಯನ್ನರಿಗೆ, 1944ರಲ್ಲಿ ಬಂದು ಮತ್ತೆ 47 ವರ್ಷ ಕೂತವನು. 2007ರ ಏಪ್ರಿಲ್ 26ರ ರಾತ್ರಿ ಸರ್ಕಾರ ಅವನನ್ನು ಅಲ್ಲಿಂದ ಎತ್ತಿ ಸೇನಾ ಸ್ಮಶಾನಕ್ಕೆ ಸಾಗಿಸಲು ಹೊರಟಿತು. ಎರಡು ರಾತ್ರಿ ಗಲಭೆ. ಒಬ್ಬ ಸತ್ತ. ಸಾವಿರಕ್ಕೂ ಜಾಸ್ತಿ ಜನರನ್ನು ಪೊಲೀಸರು ಹಿಡಿದರು.

ಆಮೇಲೆ ಪ್ರಶ್ನೆಗಳು. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ ಎದ್ದರು. ಎಸ್ಟೋನಿಯನ್‌ನಲ್ಲಿ ಮಾತಾಡಿದರು, ಪಕ್ಕದ ಹುಡುಗಿ ನನಗೆ ಪಿಸುಮಾತಿನಲ್ಲಿ ಇಂಗ್ಲಿಷ್ ಮಾಡಿದಳು. 1949ರ ಮಾರ್ಚ್‌ನಲ್ಲಿ ತನಗೆ ಐದು ವರ್ಷ. ಅಮ್ಮನ ಜೊತೆ ತನ್ನನ್ನೂ ಸೈಬೀರಿಯಾದ ರೈಲು ಹತ್ತಿಸಿದರು. ವಾಪಸ್ ಬಂದ ಮೇಲೆ ತಾಲಿನ್‌ನಲ್ಲಿ ಕೆಲಸ ಸಿಕ್ಕಿತು. ದಿನಾ ಆ ಪ್ರತಿಮೆ ಹತ್ತಿರವೇ ಟ್ರಾಲಿಬಸ್‌ಗೆ ಕಾಯಬೇಕಿತ್ತು. ದಿನಾ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ, ಅಂದರು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ನಾರ್ವಾದವನಂತೆ. ರಷ್ಯಾದ ಗಡಿಗೆ ಅಂಟಿಕೊಂಡ ಊರು, ಅಲ್ಲಿ ಬಹುಪಾಲು ಜನರ ಮನೆಮಾತು ರಷ್ಯನ್. "ನನ್ನ ಮುತ್ತಜ್ಜ ಆ ಸೈನ್ಯದಲ್ಲೇ ಸತ್ತದ್ದು. ನಾನು ಹೂವು ಎಲ್ಲಿ ಇಡಬೇಕು?" ಅಂತ ಕೇಳಿದ.

ಉಪನ್ಯಾಸಕರು ಬಾಯಿ ತೆರೆಯುವ ಮೊದಲೇ ಆ ಮುದುಕಿ ಹಿಂದೆ ತಿರುಗಿ ಹೇಳಿದರು: "ಸ್ಮಶಾನಕ್ಕೆ ಬಸ್ಸಿದೆ."

ಅಷ್ಟೇ. ಅದು ಕುಟುಕಿದ್ದೋ ದಾರಿ ತೋರಿಸಿದ್ದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ಇಂಥ ಏಳೆಂಟು ಉಪನ್ಯಾಸಗಳಿಗೆ ಹೋಗಿದ್ದೇನೆ. ನ್ಯಾಟೋ ಅಂತ ಶುರುವಾದದ್ದು ಸ್ಮಶಾನದಲ್ಲಿ ಮುಗಿಯುತ್ತೆ, ಸ್ಮಾರಕ ಅಂತ ಶುರುವಾದದ್ದು ನ್ಯಾಟೋದಲ್ಲಿ. ಭದ್ರತೆ ಮತ್ತು ನೆನಪು ಇಲ್ಲಿ ಒಂದೇ ಪಾಠ. ನಿಮ್ಮ ಕಡೆಯೂ ಹೀಗೇನಾ? ಯುರೋಪಿನ ಬೇರೆ ಊರುಗಳಲ್ಲಿ ಇರುವವರು ಬರೆಯಿರಿ.

ಕಡ್ಲೆಪುರಿ_ಕೃಷ್ಣ

ಬರೆದದ್ದು ಚೆನ್ನಾಗಿದೆ ಮೇಡಂ. ಆದರೆ ಒಂದು ಮಾತು. ಒಂದು ಪ್ರತಿಮೆ ಎತ್ತಿ ಇನ್ನೊಂದು ಕಡೆ ಇಟ್ಟರೆ ಇಷ್ಟೊಂದು ರಾದ್ಧಾಂತವೇ? ಆ ದೇಶದ ಜನಸಂಖ್ಯೆ ನೋಡಿದೆ, 13-14 ಲಕ್ಷ. ನಮ್ಮ ಒಂದು ದೊಡ್ಡ ಜಿಲ್ಲೆಗೂ ಸಮ ಇಲ್ಲ. ಅವರವರ ಜಗಳ ಅವರವರಿಗೆ. ನಮಗ್ಯಾಕೆ?

ಪಿಂಗ್_ಪರಮೇಶಿ

ಕೃಷ್ಣ ಅವರೇ, ಆ ಪ್ರತಿಮೆಯಿಂದಲೇ ನಮ್ಮಂಥವರ ಹೊಟ್ಟೆಪಾಡು ನಡೀತಿದೆ 😄 ತಮಾಷೆ ಅಲ್ಲ, ಕೇಳಿ. ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ಹೊಸ ಹುಡುಗರಿಗೆ ಹೇಳುವ ಮೊದಲ ಕಥೆಯೇ 2007ರ ಎಸ್ಟೋನಿಯಾ.

ಆಗಲೇ ಆ ದೇಶದಲ್ಲಿ ಬ್ಯಾಂಕ್ ಕೆಲಸ ಬಹುಪಾಲು ಆನ್‌ಲೈನ್. ಅದೇ ವರ್ಷ ಮಾರ್ಚ್‌ನಲ್ಲಿ ಸಂಸತ್ ಚುನಾವಣೆಗೆ ಇಂಟರ್‌ನೆಟ್ಟಿನಲ್ಲಿ ಮತ ಹಾಕಿದ್ದರು, ಜಗತ್ತಿನಲ್ಲೇ ಮೊದಲು. ಪ್ರತಿಮೆ ಎತ್ತಿದ ಮಾರನೇ ದಿನದಿಂದ ಸರ್ಕಾರದ ಸೈಟು, ಪತ್ರಿಕೆಗಳ ಸೈಟು, ಬ್ಯಾಂಕು, ಎಲ್ಲದರ ಮೇಲೂ ಡಿಡಾಸ್ ದಾಳಿ. ಎಲ್ಲೆಲ್ಲಿಯದೋ ಸೋಂಕು ತಗಲಿದ ಕಂಪ್ಯೂಟರ್‌ಗಳಿಂದ ಒಟ್ಟಿಗೆ ರಿಕ್ವೆಸ್ಟ್ ಸುರಿಮಳೆ. ಸುಮಾರು ಮೂರು ವಾರ ಬಿಟ್ಟು ಬಿಟ್ಟು ನಡೆಯಿತು. ಕೊನೆಗೆ ಹೊರದೇಶದ ಟ್ರಾಫಿಕ್ಕನ್ನೇ ಕಡಿದು ಹಾಕಬೇಕಾಯಿತು. ಅಂದ್ರೆ ಮನೆ ಉಳಿಸಿಕೊಳ್ಳಲು ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡ ಹಾಗೆ. ಪತ್ರಿಕೆ ಒಳಗಿನವರಿಗೆ ಸಿಕ್ಕಿತು, ಆದರೆ ದೇಶದಲ್ಲಿ ಏನಾಗುತ್ತಿದೆ ಅಂತ ಹೊರಗಿನವರಿಗೆ ಓದಲು ಆಗಲಿಲ್ಲ.

ಮಾಡಿಸಿದ್ದು ಯಾರು? ಎಸ್ಟೋನಿಯಾ ಬೆರಳು ತೋರಿಸಿದ್ದು ರಷ್ಯಾ ಕಡೆ, ರಷ್ಯಾ ಒಪ್ಪಲಿಲ್ಲ. ಕೋರ್ಟಿನಲ್ಲಿ ದಂಡ ಬಿದ್ದದ್ದು ಒಬ್ಬನೇ ಒಬ್ಬ ವಿದ್ಯಾರ್ಥಿಗೆ. ಅವನು ಎಸ್ಟೋನಿಯಾದವನೇ, ರಷ್ಯನ್ ಮೂಲದವನು. 2008ರಲ್ಲಿ ನ್ಯಾಟೋದ ಸೈಬರ್ ರಕ್ಷಣಾ ಕೇಂದ್ರ ತಾಲಿನ್‌ಗೇ ಬಂತು. 2013ರಲ್ಲಿ, ಸೈಬರ್ ದಾಳಿಗೆ ಯುದ್ಧದ ಕಾನೂನು ಹೇಗೆ ಅನ್ವಯಿಸುತ್ತೆ ಅಂತ ತಜ್ಞರು ಬರೆದ ಪುಸ್ತಕಕ್ಕೆ ಹೆಸರೇ 'ತಾಲಿನ್ ಮ್ಯಾನ್ಯುಯಲ್'.

ಇದನ್ನು ಎಷ್ಟೋ ಸಲ ಸ್ಲೈಡ್ ಹಾಕಿ ವಿವರಿಸಿದ್ದೇನೆ. ಟ್ರಾಲಿಬಸ್‌ಗೆ ಕಾಯುತ್ತಾ ಬೆನ್ನು ಹಾಕಿ ನಿಂತ ಹೆಂಗಸಿನ ವಿಷಯ ಮಾತ್ರ ನಮ್ಮ ಸ್ಲೈಡಿನಲ್ಲಿ ಇಲ್ಲ.

ಬ್ಯಾಡಗಿ_ಖಾರ

"ನಮಗ್ಯಾಕೆ" ಅಂದವರಿಗೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಡುಗೆಮನೆ ಕಡೆ ತಲೆ ಹಾಕಿದ್ರೇನು? ಸೂರ್ಯಕಾಂತಿ ಎಣ್ಣೆ ರೇಟು ಕೇಳಿ ನಮ್ಮವ್ವ ಬೋಂಡಾ ಮಾಡೋದನ್ನೇ ಬಿಟ್ಟಿದ್ದಳು. ಆ ಎಣ್ಣೆಯಲ್ಲಿ ಜಾಸ್ತಿ ಭಾಗ ಬರ್ತಿದ್ದದ್ದು ಉಕ್ರೇನಿನಿಂದ.

ಅದು ಹೋಗಲಿ. ನಮ್ಮ ಹಾವೇರಿ ಜಿಲ್ಲೆಯ ಹುಡುಗ, ಅದೇ ಉಕ್ರೇನಿನ ಖಾರ್ಕಿವ್‌ನಲ್ಲಿ ಡಾಕ್ಟರ್ ಓದಲು ಹೋದವನು. ಊಟಕ್ಕೆ ಏನಾದರೂ ತರೋಣ ಅಂತ ಹೊರಗೆ ಹೋಗಿದ್ದ. 2022ರ ಮಾರ್ಚ್ 1. ವಾಪಸ್ ಬರಲಿಲ್ಲ. ಮೂರು ವಾರ ಆದ ಮೇಲೆ ದೇಹ ಬಂತು. ಮನೆಯವರು ಅದನ್ನ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಆ ದಿನ ನಾವು ಹೋಗಿದ್ದೆವು. ಇದಕ್ಕಿಂತ ಜಾಸ್ತಿ ಬರೆಯಲು ನನ್ನ ಕೈಲಾಗುವುದಿಲ್ಲ.

ಕಡ್ಲೆಪುರಿ_ಕೃಷ್ಣ

ಖಾರ ಅವರೇ, ಕ್ಷಮಿಸಿ. ಆ ಹುಡುಗನ ನೆನಪು ಆಗಲಿಲ್ಲ. ಸುಮ್ನೆ ಹೇಳಿಬಿಟ್ಟೆ.

ಎಳೆ ನೋಡಿಕೊಳ್ಳುವವರು

ಉಕ್ರೇನ್ ಯುದ್ಧದಲ್ಲಿ ಯಾರು ಸರಿ ಯಾರು ತಪ್ಪು ಅನ್ನೋದಕ್ಕೆ ಬೇರೆ ಎಳೆ ಇದೆ, 400 ಉತ್ತರ ದಾಟಿದೆ. ಇಲ್ಲಿ ಉಪನ್ಯಾಸ, ನೆನಪು, ಸ್ಮಾರಕದ ಮಾತೇ ಮುಂದುವರಿಯಲಿ. ಎರಡು ಕಾಮೆಂಟ್ ತೆಗೆದಿದ್ದೇನೆ, ಯಾಕೆ ಅಂತ ಬರೆದವರಿಗೆ ಗೊತ್ತು.

ಧಾರವಾಡದ_ಮೇಷ್ಟ್ರು

ಶರಾವತಿ ತಂಗೀ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ನೀನು ಕೇಳಿದ "ಯಾಕೆ ಹೀಗೆ" ಎಂಬುದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ.

ನೀನಿರುವ ಊರಿನಲ್ಲೇ 1920ರ ಫೆಬ್ರುವರಿ 2ರಂದು ಒಂದು ಒಪ್ಪಂದ ಆಯಿತು. ಎಸ್ಟೋನಿಯಾದ ಮೇಲಿನ ಹಕ್ಕನ್ನು ಎಂದೆಂದಿಗೂ ಬಿಟ್ಟೆವು ಅಂತ ಸೋವಿಯತ್ ರಷ್ಯಾ ಸಹಿ ಹಾಕಿತು. ಎಂದೆಂದಿಗೂ ಅನ್ನುವುದು ಬಾಳಿದ್ದು ಇಪ್ಪತ್ತೇ ವರ್ಷ. 1939ರ ಆಗಸ್ಟ್ 23ರಂದು ಹಿಟ್ಲರನ ಜರ್ಮನಿಯೂ ಸ್ಟಾಲಿನ್ನನ ರಷ್ಯಾವೂ ಯುದ್ಧ ಬೇಡ ಅಂತ ಕೈ ಕುಲುಕಿದವು. ಅದರ ಜೊತೆಗೆ ಗುಟ್ಟಿನ ಕಾಗದ ಒಂದಿತ್ತು, ಯಾರ ಪಾಲಿಗೆ ಯಾವ ದೇಶ ಅಂತ. ದಾಯಾದಿಗಳು ಹೊಲ ಹಂಚಿಕೊಂಡ ಹಾಗೆ, ಆದರೆ ಹೊಲ ಇಬ್ಬರದೂ ಅಲ್ಲ! 1940ರ ಜೂನ್‌ನಲ್ಲಿ ಸೋವಿಯತ್ ಸೈನ್ಯ ಬಾಲ್ಟಿಕ್ ದೇಶಗಳಿಗೆ ಬಂತು. 1941ರಲ್ಲಿ ಜರ್ಮನರು ಬಂದರು. 1944ರಲ್ಲಿ ಮತ್ತೆ ಸೋವಿಯತ್.

ಆ ಗುಟ್ಟಿನ ಕಾಗದ ಇತ್ತು ಅಂತಲೇ ಮಾಸ್ಕೋ ಐವತ್ತು ವರ್ಷ ಒಪ್ಪಲಿಲ್ಲ. 1989ರ ಅದೇ ಆಗಸ್ಟ್ 23ರಂದು ತಾಲಿನ್‌ನಿಂದ ರೀಗಾ, ಅಲ್ಲಿಂದ ವಿಲ್ನಿಯಸ್ ತನಕ ಜನ ಕೈ ಕೈ ಹಿಡಿದು ನಿಂತರು. 600 ಕಿಲೋಮೀಟರಿಗೂ ಜಾಸ್ತಿ, ಸುಮಾರು 20 ಲಕ್ಷ ಜನ. ಹುಬ್ಬಳ್ಳಿಯಿಂದ ಬೆಂಗಳೂರು ದಾಟಿ ಇನ್ನೂ ಮುಂದೆ ಹೋಗುವಷ್ಟು ಉದ್ದ. ಅದಾಗಿ ನಾಲ್ಕು ತಿಂಗಳಿಗೆ, ಡಿಸೆಂಬರಿನಲ್ಲಿ, ಸೋವಿಯತ್ ಪ್ರತಿನಿಧಿ ಸಭೆ ಕಾಗದ ಇದ್ದದ್ದು ನಿಜ ಅಂತ ಒಪ್ಪಿಕೊಂಡಿತು.

ಈಗ ಹೇಳು. ಆ ಜನ ಕೇಳಿದ್ದು ಬಂದೂಕು ಅಲ್ಲ. 'ಹೀಗೆ ಆದದ್ದು ನಿಜ ಅಂತ ಒಪ್ಪಿಕೊಳ್ಳಿ' ಅಂತ ಕೇಳಿದರು. ಒಪ್ಪಿದ ಎರಡು ವರ್ಷದೊಳಗೆ ಸ್ವತಂತ್ರರಾದರು. ಅಂಥವರಿಗೆ ನೆನಪು ಬೇರೆ, ಭದ್ರತೆ ಬೇರೆ ಅಂತ ಹೇಗೆ ಅನ್ನಿಸೀತು?

ಹೆಸರುಬೇಳೆ

ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಕೂತಿದ್ದರೆ ನಾನೂ ಇತಿಹಾಸದಲ್ಲಿ ಪಾಸಾಗುತ್ತಿದ್ದೆ.

ಪ್ರತಿಮೆ ಎತ್ತೋದು ನಮಗೇನೂ ಹೊಸದಲ್ಲ ಅಲ್ವಾ? ಹೈಕೋರ್ಟ್ ಎದುರಿಗಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಪಾರ್ಕಿನ ಒಳಗೆ ಸಾಗಿಸಿದರು. ನಾನು ಆ ರಸ್ತೆಯಲ್ಲೇ ಓಡಾಡುವವಳು. ಅದು ಅಲ್ಲಿಲ್ಲ ಅಂತ ಗೊತ್ತಾಗಿದ್ದೇ ಎಷ್ಟೋ ತಿಂಗಳಾದ ಮೇಲೆ. ಇದಕ್ಕೆ ಸಂತೋಷ ಪಡಬೇಕೋ ನಾಚಿಕೆ ಪಡಬೇಕೋ ತಿಳಿಯುತ್ತಿಲ್ಲ.

ಪ್ಯಾರಿಸ್_ಪುಟ್ಟಿ

ಇಲ್ಲಿ ಕೊಲೆಜ್ ದ ಫ್ರಾನ್ಸ್ ಅಂತ ಇದೆ. 1530ರಿಂದ ಇದೆ. ಪರೀಕ್ಷೆ ಇಲ್ಲ, ಡಿಗ್ರಿ ಕೊಡುವುದಿಲ್ಲ, ಹೆಸರು ಬರೆಸಬೇಕಿಲ್ಲ. ದೊಡ್ಡ ದೊಡ್ಡ ಪ್ರೊಫೆಸರ್‌ಗಳು ಪಾಠ ಮಾಡುತ್ತಾರೆ, ಬೀದಿಯಲ್ಲಿ ಹೋಗುವವರು ಬಂದು ಕೂರಬಹುದು. ನನ್ನ ಪಕ್ಕ ಒಮ್ಮೆ ತರಕಾರಿ ಚೀಲದ ಸಮೇತ ಒಬ್ಬ ಅಜ್ಜ ಕೂತಿದ್ದರು. ಚೀಲದಿಂದ ಲೀಕ್ ಸೊಪ್ಪು ಆಚೆ ಇಣುಕುತ್ತಿತ್ತು. ಒಂದೂವರೆ ಗಂಟೆ ನೋಟ್ಸ್ ಬರೆದರು, ಎದ್ದು ಹೋದರು. ಹೀಟರಿಗೆ ಅಂತ ಬರುವವರೂ ಇದ್ದಾರೆ ಶರಾವತಿ, ನೀವೊಬ್ಬರೇ ಅಲ್ಲ.

ಸಾಮೂಹಿಕ ನೆನಪು ಅನ್ನುವ ವಿಚಾರವನ್ನು 1925ರಲ್ಲೇ ಪುಸ್ತಕ ಬರೆದು ಬೆಳೆಸಿದ ಮೋರಿಸ್ ಹಾಲ್ಬ್‌ವಾಕ್ಸ್‌ಗೂ ಈ ಜಾಗಕ್ಕೂ ಸಂಬಂಧ ಇದೆ. ಮನುಷ್ಯ ಒಬ್ಬನೇ ಕೂತು ನೆನಪಿಸಿಕೊಳ್ಳುವುದಿಲ್ಲ, ಮನೆ, ಊರು, ಗುಂಪು ಸೇರಿಯೇ ನೆನಪು ಕಟ್ಟುವುದು ಅನ್ನೋದು ಅವರ ವಾದ. 1944ರಲ್ಲಿ ಅವರನ್ನು ಇಲ್ಲಿಗೆ ಪ್ರೊಫೆಸರ್ ಆಗಿ ಆರಿಸಿದರು. ಕೆಲವೇ ತಿಂಗಳಲ್ಲಿ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಹಿಡಿದುಕೊಂಡು ಹೋಯಿತು. 1945ರ ಮಾರ್ಚ್‌ನಲ್ಲಿ ಬುಖೆನ್‌ವಾಲ್ಡ್ ಶಿಬಿರದಲ್ಲಿ ತೀರಿಕೊಂಡರು.

ಅದಕ್ಕೂ ಹಿಂದೆ, 1882ರ ಮಾರ್ಚ್ 11ರಂದು, ಇಲ್ಲಿನ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಅರ್ನೆಸ್ಟ್ ರೆನಾನ್ 'ರಾಷ್ಟ್ರ ಅಂದ್ರೇನು' ಅಂತ ಮಾತಾಡಿದ್ದರು. ಅವರದು ಉಲ್ಟಾ. ರಾಷ್ಟ್ರ ಕಟ್ಟಲು ನೆನಪಿನಷ್ಟೇ ಮರೆವೂ ಬೇಕು ಅಂದರು. ಇತಿಹಾಸ ತಪ್ಪಾಗಿ ತಿಳಿದಿರುವುದೂ ಅದಕ್ಕೆ ಒಂದು ಕಾರಣ ಅಂದರು. ಒಂದೇ ಊರಿನ ಎರಡು ಸಭಾಂಗಣ, ನಡೆದೇ ಹೋಗುವಷ್ಟು ಹತ್ತಿರ.

ಬರ್ಲಿನ್_ಬಸವ

ಪ್ಯಾರಿಸ್ ಕಥೆ ಚೆನ್ನಾಗಿತ್ತು. ಆದರೆ ಈ ಎಳೆಯಲ್ಲಿ ಎಲ್ಲರೂ ಎಸ್ಟೋನಿಯಾ ಪರ ತಲೆಯಾಡಿಸುತ್ತಿದ್ದಾರೆ. ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬರ್ಲಿನ್‌ನಲ್ಲಿ ನಾನು ಕೇಳಿದ ಉಪನ್ಯಾಸವೊಂದರಲ್ಲಿ ಪರದೆ ಮೇಲೆ ಬಂದ ಜಾಗ ಕ್ಲೂಗಾ. ತಾಲಿನ್ ಹತ್ತಿರವೇ ಇದ್ದ ನಾಜಿ ಶ್ರಮ ಶಿಬಿರ. ಸೋವಿಯತ್ ಸೈನ್ಯ ಹತ್ತಿರ ಬರುತ್ತಿದೆ ಅಂತ ಗೊತ್ತಾದಾಗ, 1944ರ ಸೆಪ್ಟೆಂಬರ್ 19ರಂದು, ಅಲ್ಲಿದ್ದ ಸುಮಾರು 2,000 ಕೈದಿಗಳನ್ನು ಕೊಂದರು. ಬಹುತೇಕ ಲಿಥುವೇನಿಯಾದಿಂದ ತಂದಿದ್ದ ಯಹೂದಿಗಳು. ಬಚ್ಚಿಟ್ಟುಕೊಂಡು ಉಳಿದವರು ತೀರಾ ಕಡಿಮೆ. ಅವರಿಗೆ ಆ ಕೆಂಪು ಸೈನ್ಯ ಬಂದದ್ದು ಅಂದ್ರೆ ಜೀವ ಬಂದದ್ದು. ಎಸ್ಟೋನಿಯಾದಲ್ಲೇ ಉಳಿದಿದ್ದ ಸುಮಾರು ಸಾವಿರ ಯಹೂದಿಗಳನ್ನು 1941 ಮುಗಿಯುವುದರೊಳಗೆ ಮುಗಿಸಿದ್ದರು, ಅದರಲ್ಲಿ ಸ್ಥಳೀಯರ ಕೈಯೂ ಇತ್ತು.

ಇನ್ನೊಂದು. 2004ರಲ್ಲಿ ಲಿಹುಲ ಎಂಬ ಸಣ್ಣ ಊರಿನಲ್ಲಿ ಜರ್ಮನ್ ಸಮವಸ್ತ್ರದ ಸೈನಿಕನ ಸ್ಮಾರಕ ನಿಲ್ಲಿಸಿದರು, ಬೋಲ್ಷೆವಿಕರ (ಸೋವಿಯತ್ ಕಮ್ಯುನಿಸ್ಟರ) ವಿರುದ್ಧ ಹೋರಾಡಿದ ಎಸ್ಟೋನಿಯನ್ನರಿಗೆ ಅಂತ. ಸರ್ಕಾರ ಕ್ರೇನ್ ತಂದು ತೆಗೆಸಿತು. ಊರಿನವರು ಪೊಲೀಸರ ಮೇಲೆ ಕಲ್ಲು ತೂರಿದರು. ಕಂಚಿನ ಸೈನಿಕನ ಗಲಾಟೆಗೆ ಮೂರು ವರ್ಷ ಮೊದಲು. ಇದನ್ನು ನಿಮ್ಮ ತಾರ್ತುವಿನ ಉಪನ್ಯಾಸಗಳಲ್ಲಿ ಹೇಳುತ್ತಾರಾ?

ಶರಾವತಿ_ತಾರ್ತು

ಬಸವಣ್ಣ, ಬೇಜಾರೇನಿಲ್ಲ. ಲಿಹುಲ ವಿಷಯ ಮೊದಲ ಉಪನ್ಯಾಸದಲ್ಲೇ ಬಂದಿತ್ತು, ನಾನು ಉದ್ದ ಆಗುತ್ತೆ ಅಂತ ಬಿಟ್ಟೆ. ಅದು ನನ್ನ ತಪ್ಪು. ಇಲ್ಲಿನವರನ್ನು ಎರಡೂ ಸೈನ್ಯಗಳು ಬಲವಂತವಾಗಿ ಸೇರಿಸಿಕೊಂಡಿದ್ದವು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಇದ್ದ ಮನೆಗಳಿವೆ. ಕ್ಲೂಗಾ ಬಗ್ಗೆ ನಾನು ಹೋದ ಯಾವ ಉಪನ್ಯಾಸದಲ್ಲೂ ಕೇಳಲಿಲ್ಲ. ಮುಂದಿನ ಸಲ ಕೈ ಎತ್ತಿ ನಾನೇ ಕೇಳುತ್ತೇನೆ, ಧೈರ್ಯ ಬಂದರೆ.

ಒಂದು ವಿಷಯ ನಿಮಗೆಲ್ಲ ಹೇಳಲೇಬೇಕು. ಇಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿ ಎದುರು ಒಂದು ಕಾರಂಜಿ ಇದೆ. ಲೋಹದ ಕೊಳವೆಗಳನ್ನು ಬಗ್ಗಿಸಿ ಮಾಡಿದ್ದಾರೆ. ಮೊದಲ ಆರು ತಿಂಗಳು ನಾನು ಅದನ್ನು ಪ್ಲಂಬಿಂಗ್ ಕೆಲಸ ಅರ್ಧಕ್ಕೆ ನಿಂತಿದೆ ಅಂತಲೇ ಅಂದುಕೊಂಡಿದ್ದೆ! ಒಂದು ಕೋನದಿಂದ ನೋಡಿದರೆ ದಪ್ಪ ಮೀಸೆಯ ಮುಖ. ಇಲ್ಲಿ ಪ್ರೊಫೆಸರ್ ಆಗಿದ್ದ ಯೂರಿ ಲೋಟ್‌ಮನ್ ಅವರದು. ಹುಟ್ಟಿದ್ದು ಈಗಿನ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಯಹೂದಿ ಮನೆತನ, ಮಾತು ರಷ್ಯನ್. ಅಲ್ಲಿ ಯಹೂದಿ ಅಂತ ಕೆಲಸ ಸಿಗಲಿಲ್ಲ, 1950ರಲ್ಲಿ ತಾರ್ತುವಿಗೆ ಬಂದರು. ಸಂಸ್ಕೃತಿ ಅಂದ್ರೆ ರಕ್ತದಲ್ಲಿ ಹರಿದು ಬರದ, ಕಲಿತು ಕಲಿಸಿ ಉಳಿಸಿಕೊಳ್ಳುವ ನೆನಪು ಅನ್ನುವ ಯೋಚನೆ ಅವರೂ ಅವರ ಗೆಳೆಯರೂ ಬೆಳೆಸಿದ್ದು. 1980ರ ದಶಕದ ಕೊನೆಯಲ್ಲಿ ಎಸ್ಟೋನಿಯಾ ಟಿವಿಯಲ್ಲಿ ರಷ್ಯನ್ ಸಂಸ್ಕೃತಿ ಬಗ್ಗೆ ಸರಣಿ ಉಪನ್ಯಾಸ ಕೊಟ್ಟರು, ರಷ್ಯನ್‌ನಲ್ಲೇ.

ಈ ಲೋಟ್‌ಮನ್ ಎರಡನೇ ಮಹಾಯುದ್ಧದಲ್ಲಿ ಕೆಂಪು ಸೈನ್ಯದ ಫಿರಂಗಿ ದಳದಲ್ಲಿದ್ದವರು. ಅಂದ್ರೆ ಕಂಚಿನ ಸೈನಿಕನ ಸಮವಸ್ತ್ರವೇ. ಅವರ ಕಾರಂಜಿ ನಿಲ್ಲಿಸಿದ್ದು ಯಾವ ವರ್ಷ ಗೊತ್ತಾ? 2007. ಆ ಸೈನಿಕನನ್ನು ತಾಲಿನ್‌ನಿಂದ ಎತ್ತಿದ ವರ್ಷವೇ, ಇಲ್ಲಿ ಆ ಸೈನ್ಯದಿಂದ ಬಂದ ಒಬ್ಬ ಮೇಷ್ಟರಿಗೆ ಸ್ಮಾರಕ.

ಪಿಂಗ್_ಪರಮೇಶಿ

ಇದನ್ನು ಸ್ಲೈಡಿಗೆ ಹಾಕುತ್ತೇನೆ. ಅನುಮತಿ ಇದೆ ಅಲ್ವಾ?

ಶರಾವತಿ_ತಾರ್ತು

ಧಾರಾಳವಾಗಿ. ಇನ್ನೂ ಎರಡು ತಗೊಳ್ಳಿ. ಊರಾಚೆ ರಾದಿ ಅನ್ನುವಲ್ಲಿ ಸೋವಿಯತ್ ಬಾಂಬರ್ ವಿಮಾನಗಳ ನೆಲೆ ಇತ್ತು. ಅದರಿಂದಾಗಿ ವಿದೇಶಿಯರಿಗೆ ತಾರ್ತುವಿನಲ್ಲಿ ರಾತ್ರಿ ತಂಗಲೂ ಬಿಡುತ್ತಿರಲಿಲ್ಲವಂತೆ. ಈಗ ಆ ರನ್‌ವೇಯ ತುದಿಯಿಂದಲೇ ಶುರುವಾಗಿ ಮೇಲೇಳುವ ಹಾಗೆ ರಾಷ್ಟ್ರೀಯ ಮ್ಯೂಸಿಯಂ ಕಟ್ಟಿದ್ದಾರೆ, 2016ರಲ್ಲಿ ತೆರೆಯಿತು. ರನ್‌ವೇ ಒಡೆದು ಹಾಕಲಿಲ್ಲ, ಅದನ್ನೇ ಚಾವಣಿಯ ಇಳಿಜಾರಾಗಿ ಮುಂದುವರಿಸಿದರು. ನಾನು ಅಲ್ಲಿ ಸೈಕಲ್ ಹೊಡೆಯುತ್ತೇನೆ. ಕಾಂಕ್ರೀಟ್ ಹಲಗೆಗಳ ಸಂದಿಯಲ್ಲಿ ಚಕ್ರ ಟಕ್ ಟಕ್ ಅನ್ನುತ್ತೆ.

ಆ ನೆಲೆಯ ಬಾಂಬರ್ ದಳಕ್ಕೆ 1980ರ ದಶಕದ ಕೊನೆಯಲ್ಲಿ ಕಮಾಂಡರ್ ಆಗಿದ್ದವರು ಜೋಖರ್ ದುದಾಯೆವ್. ಆಮೇಲೆ ರಷ್ಯಾದಿಂದ ಬೇರೆಯಾಗಲು ಹೊರಟ ಚೆಚೆನ್ಯಾದ ಅಧ್ಯಕ್ಷರಾಗಿ ಮಾಸ್ಕೋ ವಿರುದ್ಧವೇ ನಿಂತವರು. ಅವರು ಕೂರುತ್ತಿದ್ದ ಕಟ್ಟಡ ಆಮೇಲೆ ಹೋಟೆಲಾಯಿತು. ಗೋಡೆ ಮೇಲೆ ಅವರ ಫಲಕ ಇದೆ. ಎಸ್ಟೋನಿಯನ್ನರ ಮೇಲೆ ಕೈ ಮಾಡಲು ಅವರು ಒಪ್ಪಲಿಲ್ಲ ಅಂತ ಇಲ್ಲಿನವರು ಈಗಲೂ ಹೇಳಿಕೊಳ್ಳುತ್ತಾರೆ.

ಹೆಸರುಬೇಳೆ

ಬೆಂಗಳೂರಿನಲ್ಲಿ ಕೂತು ಇಂಥ ಉಪನ್ಯಾಸ ಕೇಳೋದು ಹೇಗೆ? ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತೆ, ಪಾತ್ರೆ ತೊಳೆಯುವಾಗ. ಇಂಗ್ಲಿಷ್ ಪರವಾಗಿಲ್ಲ, ಫ್ರೆಂಚ್ ಬರಲ್ಲ.

ಪ್ಯಾರಿಸ್_ಪುಟ್ಟಿ

ತಿಮತಿ ಸ್ನೈಡರ್ ಅಂತ ಇತಿಹಾಸಕಾರರು, 2022ರಲ್ಲಿ ಯೇಲ್‌ನಲ್ಲಿ ಆಧುನಿಕ ಉಕ್ರೇನ್ ಹುಟ್ಟಿದ ಬಗೆ ಅಂತ ಒಂದು ಸೆಮಿಸ್ಟರ್ ಪಾಠ ಮಾಡಿದರು. 20ಕ್ಕೂ ಜಾಸ್ತಿ ತರಗತಿಗಳು, ಪೂರ್ತಿ ಯೂಟ್ಯೂಬಿನಲ್ಲಿವೆ. ಅದರಿಂದ ಶುರು ಮಾಡಿ. ವೈಕಿಂಗರಿಂದ ಹಿಡಿದು ಹೇಳುತ್ತಾರೆ, ಪಾತ್ರೆ ಜಾಸ್ತಿ ಇದ್ದ ದಿನ ಒಳ್ಳೆಯದು. ಲಂಡನ್ನಿನ ಗ್ರೆಷಮ್ ಕಾಲೇಜು 1597ರಿಂದ ಪುಕ್ಕಟೆ ಉಪನ್ಯಾಸ ಕೊಡುತ್ತಿದೆ, ಅವರದೂ ನೆಟ್ಟಿನಲ್ಲಿ ಸಿಗುತ್ತವೆ.

ಬರ್ಲಿನ್_ಬಸವ

ಬರೀ ಪ್ರೊಫೆಸರ್‌ಗಳದ್ದಲ್ಲ, ರಾಜಕಾರಣಿಗಳ ಮಾತೂ ಕೇಳಿ. ಯುರೋಪಿನಲ್ಲಿ ದೊಡ್ಡ ಮಾತು ಆಡಬೇಕಾದಾಗ ಅವರು ಯೂನಿವರ್ಸಿಟಿಗೇ ಹೋಗುತ್ತಾರೆ. 1946ರ ಸೆಪ್ಟೆಂಬರಿನಲ್ಲಿ ಚರ್ಚಿಲ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ, ಫ್ರಾನ್ಸ್ ಜರ್ಮನಿ ಮೊದಲು ಜೊತೆಯಾಗಬೇಕು ಅಂದರು. ಯುದ್ಧ ಮುಗಿದು ಒಂದೂವರೆ ವರ್ಷವೂ ಆಗಿರಲಿಲ್ಲ, ಕೇಳಿದವರಿಗೆ ಹೇಗಾಗಿರಬೇಡ! 2000ದಲ್ಲಿ ಜರ್ಮನಿಯ ಆಗಿನ ವಿದೇಶಾಂಗ ಮಂತ್ರಿ ಯೋಷ್ಕಾ ಫಿಶರ್ ಇಲ್ಲಿನ ಹುಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ, 2017ರಲ್ಲಿ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ ಸೋರ್ಬಾನ್‌ನಲ್ಲಿ, 2022ರಲ್ಲಿ ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಟ್ಸ್ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ. ಆದರೆ ನಿಜ ಹೇಳ್ತೀನಿ, ಇವುಗಳಲ್ಲಿ ಮೂರನೇ ಸಾಲಿನ ಅಜ್ಜಿ ಎದ್ದು ನಿಲ್ಲಲು ಜಾಗ ಕಡಿಮೆ.

ಧಾರವಾಡದ_ಮೇಷ್ಟ್ರು

ಬಸವ, ಕೊನೆಯ ಮಾತು ಸರಿಯಾಗಿ ಹೇಳಿದೆ. ಬಾಗಿಲು ಹಾಕಿಕೊಂಡು ಉಪನ್ಯಾಸ ಕೇಳಬೇಕಾದ ಕಾಲವೂ ಅಲ್ಲಿತ್ತು. ಪೋಲೆಂಡಿನ ವಾರ್ಸಾದಲ್ಲಿ ರಷ್ಯಾದ ಜಾರ್ ದೊರೆಗಳ ಆಳ್ವಿಕೆಯಿದ್ದಾಗ 'ಹಾರುವ ವಿಶ್ವವಿದ್ಯಾಲಯ' ಅಂತ ಗುಟ್ಟಾಗಿ ನಡೆಯುತ್ತಿತ್ತು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿತ್ತು, ಪೋಲಿಷ್ ಭಾಷೆಗೂ ಮುಚ್ಚಿತ್ತು. ಇವತ್ತು ಈ ಮನೆ, ನಾಳೆ ಆ ಮನೆ. ಮೇರಿ ಕ್ಯೂರಿ ಅಲ್ಲಿ ಕಲಿತವಳೇ. 1970ರ ದಶಕದ ಕೊನೆಗೆ ಕಮ್ಯುನಿಸ್ಟ್ ಸರ್ಕಾರ ಇದ್ದಾಗ ಅದೇ ಹೆಸರಿನಲ್ಲಿ ಮತ್ತೆ ಶುರುವಾಯಿತು. ಶಾಲೆಪುಸ್ತಕದಲ್ಲಿ ಇಲ್ಲದ ಇತಿಹಾಸ ಅಲ್ಲಿ ಹೇಳುತ್ತಿದ್ದರು.

ನಮ್ಮಲ್ಲೂ ಒಂದು ಒಳ್ಳೇ ಪದ್ಧತಿ ಇತ್ತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ. ಅಧ್ಯಾಪಕರು ತಾಲ್ಲೂಕು, ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು, ಆ ಮಾತೇ ಸಣ್ಣ ಪುಸ್ತಕವಾಗಿ ಬರುತ್ತಿತ್ತು. ಅಂಗೈ ಅಗಲದ ಪುಸ್ತಕಗಳು. ನಮ್ಮ ತಂದೆಯ ಟ್ರಂಕಿನಲ್ಲಿ ಹನ್ನೊಂದು ಇದ್ದವು. ಗೆದ್ದಲು ಹಿಡಿದು ಈಗ ನಾಲ್ಕು ಉಳಿದಿವೆ. ಒಂದರಲ್ಲಿ ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದಾರೆ, 'ಇದು ಸರಿಯಲ್ಲ, ಕೇಳಬೇಕು' ಅಂತ. ಕೇಳಿದರೋ ಇಲ್ಲವೋ.

ಕಡ್ಲೆಪುರಿ_ಕೃಷ್ಣ

ಶರಾವತಿ ಮೇಡಂ, ಆ ಅಜ್ಜಿ ಕುಟುಕಿದ್ದು ಅಂತಲೇ ನನಗನ್ನಿಸುತ್ತೆ. ನಮ್ಮ ಸೋದರತ್ತೆ ಹೀಗೇ ಮಾತಾಡುತ್ತಿದ್ದರು. ಮಾತು ಸಲೀಸು, ಒಳಗೆ ಮುಳ್ಳು.

ಬ್ಯಾಡಗಿ_ಖಾರ

ನನಗೆ ಹಾಗೆ ಅನ್ನಿಸಲಿಲ್ಲ. ಕುಟುಕಬೇಕು ಅಂದಿದ್ದರೆ "ನಿನ್ನ ಮುತ್ತಜ್ಜನಿಗೆ ಹೂವೇ ಬೇಡ" ಅಂತಿದ್ದಳು. ಐದು ವರ್ಷಕ್ಕೆ ಸೈಬೀರಿಯಾ ನೋಡಿದವಳು. ಬಸ್ಸಿದೆ, ಹೋಗಿ ಬಾ ಅಂದಳು.

ಶರಾವತಿ_ತಾರ್ತು (ಎರಡು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಪರೀಕ್ಷೆ ಇತ್ತು. ಬಸವಣ್ಣ, ಕ್ಲೂಗಾ ಬಗ್ಗೆ ಕೇಳಿದೆ. ಕೈ ನಡುಗಿತು, ಆದರೂ ಕೇಳಿದೆ. ಉಪನ್ಯಾಸಕಿ ಹತ್ತು ನಿಮಿಷ ಉತ್ತರ ಕೊಟ್ಟರು. ಮುಗಿದ ಮೇಲೆ ಇಬ್ಬರು ಬಂದು ಮಾತಾಡಿಸಿದರು. ಒಬ್ಬರು ಥ್ಯಾಂಕ್ಸ್ ಅಂದರು, ಇನ್ನೊಬ್ಬರು ನೀನು ಎಲ್ಲಿಯವಳು, ನಿನಗ್ಯಾಕೆ ಅಂದರು. ಕೃಷ್ಣ ಅವರೇ, ನಿಮ್ಮ ನೆನಪಾಯಿತು 😊

ಕಳೆದ ಶನಿವಾರ ತಾಲಿನ್‌ಗೆ ಹೋಗಿದ್ದೆ. ತಾರ್ತುವಿನಿಂದ ಎರಡೂವರೆ ಗಂಟೆ. ಇಳಿದು ಮ್ಯಾಪ್ ನೋಡಿದರೆ ಸೇನಾ ಸ್ಮಶಾನ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಊರೊಳಗಿನ ಬಸ್ಸು ಬೇಕಾಗಲೇ ಇಲ್ಲ. ಹಾಗಾದರೆ ಅಜ್ಜಿ ಹೇಳಿದ್ದು ತಾರ್ತುವಿನಿಂದ ಹೊರಡುವ ಬಸ್ಸೇ ಇರಬೇಕು. ನಾನು ಹತ್ತಿ ಬಂದದ್ದೂ ಅದೇ.

ಕಾಲು ಜಾರುವಷ್ಟು ಹಿಮ ಇತ್ತು. ಕಂಚಿನ ಸೈನಿಕ ನಾನಂದುಕೊಂಡದ್ದಕ್ಕಿಂತ ಚಿಕ್ಕವನು. ಹೆಗಲ ಮೇಲೂ ಕೈಲಿರುವ ಹೆಲ್ಮೆಟ್ಟಿನ ಮೇಲೂ ಹಿಮ ಕೂತಿತ್ತು. ಕಾಲ ಬಳಿ ಕೆಂಪು ಕಾರ್ನೇಷನ್ ಹೂವು, ನಾಲ್ಕು. ಅದೇ ಸ್ಮಶಾನದಲ್ಲಿ ಎಸ್ಟೋನಿಯಾದ ಸೈನಿಕರ ಗೋರಿಗಳಿವೆ. ಸ್ವಲ್ಪ ಆಚೆ, 1918ರ ನಂತರ ಈ ಕಡೆ ಬಂದು ಸತ್ತ ಬ್ರಿಟಿಷರ ಗೋರಿಗಳೂ ಇವೆ. ಎಲ್ಲದರ ಮೇಲೂ ಹಿಮ, ಯಾವುದು ಯಾರದು ಅಂತ ಓದಲು ಕೈಯಲ್ಲಿ ಒರೆಸಬೇಕು.

ನಾನಿದ್ದಾಗ ಒಬ್ಬರು ಹೆಂಗಸು ಪುಟ್ಟ ಪೊರಕೆ ತಂದು ಸೈನಿಕನ ಪಾದದ ಹತ್ತಿರ ಗುಡಿಸುತ್ತಿದ್ದರು. ಯಾವ ಭಾಷೆಯಲ್ಲಿ ಮಾತಾಡಿಸಬೇಕು ಅಂತ ಗೊತ್ತಾಗದೆ ಸುಮ್ಮನೆ ನಿಂತೆ. ಅವರು ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ, ನಿನ್ನ ಕೋಟು ಈ ಚಳಿಗೆ ಸಾಲದು, ಅಂದರು.